ಕನ್ನಂಬಾಡಿಯ ಕಿರುಹೊಳೆಗಳು

ಕೊಡಗಿನಲ್ಲಿ ಮುಂಗಾರು ಹಿಡಿಯಿತೆಂದರೆ ಮಂಡ್ಯ, ಮೈಸೂರು ಕಡೆಯ ಮನೆಗಳಲ್ಲಿ ಪ್ರದೇಶ ಸಮಾಚಾರಕ್ಕೆ ಒಂದು ವಿಶೇಷ ಮರ್ಯಾದೆ ಬರುತ್ತದೆ. ಮಿಕ್ಕ ಸುದ್ದಿಗಳನ್ನು ಅರೆಗಿವಿಯಲ್ಲಿ ಕೇಳುತ್ತ ಕುಳಿತವರು ಕೃಷ್ಣರಾಜಸಾಗರದ ಹೆಸರು ಬಂದೊಡನೆ ಕೈಯೆತ್ತಿ ಮಕ್ಕಳ ಗಲಾಟೆ ನಿಲ್ಲಿಸುತ್ತಾರೆ. ನೀರಿನ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮಟ್ಟ 124.80 ಅಡಿ ಮುಟ್ಟಿತೆಂದರೆ ಜಲಾಶಯ ತುಂಬಿತು, ಬತ್ತ ನಾಟಿಮಾಡುವವರಿಗೆ ಧೈರ್ಯ ಬಂತು. ಆದರೆ ಹೊಳೆಯ ದಂಡೆಯಲ್ಲಿ ಬಾಳುವವರು ಕಿವಿಗೊಟ್ಟು ಕೇಳುವುದು ಮೂರನೆಯ ಅಂಕಿಯನ್ನು. ಶ್ರೀರಂಗಪಟ್ಟಣದ ಹತ್ತಿರ ತೋಟ ಮಾಡಿಕೊಂಡಿದ್ದ ನಮ್ಮ ಸೋದರಮಾವನವರ ಲೆಕ್ಕ ಬಹು ಸರಳವಾಗಿತ್ತು: "ಐವತ್ತು ಸಾವಿರ ಅಂದ್ರೆ ಮೋಟಾರು ಮೇಲಕ್ಕೆ, ಲಕ್ಷ ಅಂದ್ರೆ ದನ ಮೇಲಕ್ಕೆ." ಹೊರಹರಿವು ಏರಿದಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಗಂಜಾಮಿನ ನಿಮಿಷಾಂಬ ಗುಡಿಯ ಮೆಟ್ಟಿಲುಗಳು ಮುಳುಗುತ್ತವೆ, ಹಳೆಯ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಏನಾದವೋ ಎಂದು ಊರವರು ನೋಡಲು ಹೋಗುತ್ತಾರೆ.

ಒಂದು ಸಲ ಇಂಥ ಸಮಾಚಾರ ಮುಗಿದ ಮೇಲೆ ಮಾವನವರು ನನ್ನನ್ನು ಕೇಳಿದರು: "ಅಲ್ಲಪ್ಪ, ಅಷ್ಟು ನೀರು ಬಿದ್ದರೂ ಕಟ್ಟೆಯ ಬುಡ ನಿಲ್ಲುತ್ತೆ ಅಂತ ಕಟ್ಟುವುದಕ್ಕೆ ಮೊದಲೇ ಅವರಿಗೆ ಹೇಗೆ ಗೊತ್ತು?" ನಾನು ಆಗ ಕೊಟ್ಟ ಉತ್ತರ ಹಾರಿಕೆಯದು. ನಿಜವಾದ ಉತ್ತರವನ್ನು ಹುಡುಕುತ್ತ ಹೋದರೆ ದಾರಿ ಕನ್ನಂಬಾಡಿಯಿಂದ ಹೊರಟು ಇಂಗ್ಲೆಂಡಿನ ಕಡಲತೀರದ ಒಂದು ಊರಿಗೆ ಹೋಗಿ, ಪುಣೆಯ ಮೇಲೆ ಹಾದು, ಪುನಃ ಕನ್ನಂಬಾಡಿಗೇ ಬರುತ್ತದೆ. ಆ ಸುತ್ತುದಾರಿಯ ಕಥೆಯನ್ನು ಈಗ ಹೇಳುತ್ತೇನೆ.

ನಮ್ಮ ಹಿರಿಯರಿಗೆ ಹೊಳೆಯೇ ಪ್ರಯೋಗಶಾಲೆಯಾಗಿತ್ತು. ಶ್ರೀರಂಗಪಟ್ಟಣದ ಸುತ್ತಮುತ್ತ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಕಟ್ಟೆಗಳನ್ನೂ ಅವುಗಳಿಂದ ಹೊರಟ ಚಿಕ್ಕದೇವರಾಜಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳನ್ನೂ ನೋಡಿದವರಿಗೆ ಇದು ತಿಳಿಯುತ್ತದೆ. ಬಂಗಾರದೊಡ್ಡಿ ನಾಲೆಯಂತೂ ಹೊಳೆಯ ಒಂದು ಕವಲನ್ನೇ ಮೇಲುಗಾಲುವೆಯ ಮೂಲಕ ದಾಟಿ ದ್ವೀಪವನ್ನು ಸೇರುತ್ತದೆ. ಕಲ್ಲನ್ನು ಎಲ್ಲಿ ಓರೆಯಾಗಿ ಇಡಬೇಕು, ಕಟ್ಟೆಯನ್ನು ಹೊಳೆಗೆ ನೇರವಾಗಿ ಹಾಕಬೇಕೋ ಸೊಟ್ಟಗೆ ಹಾಕಬೇಕೋ ಎಂಬ ವಿದ್ಯೆ ಆ ಜನಕ್ಕೆ ಪುಸ್ತಕದಿಂದ ಬಂದುದಲ್ಲ. ಒಂದು ಮಳೆಗಾಲದಲ್ಲಿ ಒಡೆದುಹೋದುದನ್ನು ಮುಂದಿನ ಬೇಸಗೆಯಲ್ಲಿ ತಿದ್ದಿ ಕಟ್ಟುವುದೇ ಅವರ ಪಾಠವಾಗಿತ್ತು. ಕೆರೆಗಳ ಕಥೆಯೂ ಹಾಗೆಯೇ. ಕೋಡಿ ಚಿಕ್ಕದಾದರೆ ಏರಿ ಒಡೆಯುತ್ತದೆ. ಏರಿ ಒಡೆದರೆ ಕೆಳಗಿನ ಕೆರೆಯ ಏರಿಯೂ ಹೋಗುತ್ತದೆ. ಸಾಲುಗೆರೆಗಳ ಸೀಮೆಯಲ್ಲಿ ಒಂದು ರಾತ್ರಿಯ ತಪ್ಪಿಗೆ ಹತ್ತು ಊರು ದಂಡ ತೆರಬೇಕು. ಪಾಠ ಒಳ್ಳೆಯದೇ, ಆದರೆ ಪಾಠದ ಸಂಬಳ ಬಹಳ ಹೆಚ್ಚಿನದು.

ಇಪ್ಪತ್ತನೆಯ ಶತಮಾನ ಕಾಲಿಟ್ಟಾಗ ಮೈಸೂರು ಸಂಸ್ಥಾನ ನೀರಿನಿಂದ ಇನ್ನೊಂದು ಕೆಲಸ ತೆಗೆಯಲು ಹೊರಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾದ ಶಿವನಸಮುದ್ರದ ಯೋಜನೆ 1902ರಲ್ಲಿ ಫಲಕೊಟ್ಟಿತು. ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುಚ್ಛಕ್ತಿ ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಆ ಕಾಲಕ್ಕೆ ಲೋಕದಲ್ಲೇ ಅಪರೂಪದ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂತು. ಆದರೆ ಬೇಸಗೆಯಲ್ಲಿ ಹೊಳೆ ಸೊರಗಿದರೆ ಯಂತ್ರವೂ ಸೊರಗಬೇಕು. ಗಣಿಯವರು ಒಪ್ಪಂದದ ಶಕ್ತಿಯನ್ನು ಬೇಸಗೆಯಲ್ಲೂ ಕೇಳುತ್ತಾರೆ, ಬಿಡುವವರಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಬಿಡುವುದೊಂದೇ ಉಪಾಯ. ಕನ್ನಂಬಾಡಿಯ ಕಟ್ಟೆಗೆ ಗದ್ದೆಯ ಹಸಿವು ಎಷ್ಟು ಕಾರಣವೋ ಶಿವನಸಮುದ್ರದ ಯಂತ್ರಗಳ ಬಾಯಾರಿಕೆಯೂ ಅಷ್ಟೇ ಕಾರಣವೆಂಬುದನ್ನು ನಾವು ಮರೆಯುತ್ತೇವೆ.

ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದರು. 1911ರಲ್ಲಿ ಕೆಲಸ ಆರಂಭವಾಯಿತು. ತಳಪಾಯ ತೋಡುವಾಗ, ಇದೇ ಜಾಗದಲ್ಲಿ ಅಣೆಕಟ್ಟು ಕಟ್ಟಲು ಟಿಪ್ಪು ಸುಲ್ತಾನ ಸಂಕಲ್ಪಿಸಿದ್ದನೆಂದು ಸಾರುವ ಪಾರಸಿ ಶಾಸನವೊಂದು ಸಿಕ್ಕಿತು. ಮದರಾಸು ಸರಕಾರದೊಡನೆ ನೀರಿನ ವ್ಯಾಜ್ಯ ನಡೆಯಿತು, 1914ರ ಮಧ್ಯಸ್ಥ ತೀರ್ಪಾಯಿತು, ಅದರ ಮೇಲೆ ಅಪೀಲಾಯಿತು, ಕೊನೆಗೆ 1924ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಆ ಕಥೆಗಳನ್ನು ಬೇರೆಯವರು ವಿಸ್ತಾರವಾಗಿ ಹೇಳಿದ್ದಾರೆ. ನಮಗೆ ಇಲ್ಲಿ ಬೇಕಾದುದು ಒಂದೇ ಸಂಗತಿ. 8,600 ಅಡಿ ಉದ್ದದ ಆ ಕಲ್ಲುಗೋಡೆಯನ್ನು ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಟ್ಟಿದವರ ಹತ್ತಿರ, ನೀರು ಹೇಗೆ ನಡೆದುಕೊಂಡೀತೆಂದು ಮೊದಲೇ ಪರೀಕ್ಷಿಸಿ ನೋಡುವ ಪ್ರಯೋಗಶಾಲೆ ಮೈಸೂರಿನಲ್ಲಿ ಇರಲಿಲ್ಲ. ಗಣಿತವಿತ್ತು, ಬೇರೆ ದೇಶಗಳ ಕಟ್ಟೆಗಳ ಅನುಭವವಿತ್ತು, ಹೊಳೆಯ ಮಟ್ಟ ಬರೆದಿಟ್ಟ ಹಳೆಯ ದಫ್ತರವಿತ್ತು. ಉಳಿದುದಕ್ಕೆಲ್ಲ ಎಂಜಿನಿಯರನ ಎದೆಗಾರಿಕೆಯೇ ಆಧಾರ.

ಆ ಎದೆಗಾರಿಕೆಯನ್ನು ಕಾವೇರಿ ಪರೀಕ್ಷೆ ಮಾಡದೆ ಬಿಡಲಿಲ್ಲ. ಒಪ್ಪಂದಕ್ಕೆ ರುಜುವಾದ ವರ್ಷದ ಜುಲೈ ತಿಂಗಳಲ್ಲೇ, ಕಟ್ಟೆ ಇನ್ನೂ ಪೂರ್ತಿಯಾಗಿರದಾಗ, ದಕ್ಷಿಣ ದೇಶ ಇಂದಿಗೂ ನೆನೆಯುವ 1924ರ ಮಹಾಪೂರ ಬಂತು. ಗೋಡೆ ನಿಂತಿತು. ಹೊಳೆಯ ಕೋಪದ ಅಳತೆ ಹಿಂದಿನ ದಫ್ತರದಲ್ಲಿ ಬರೆದಷ್ಟೇ ಅಲ್ಲ ಎಂಬುದನ್ನು ಮಾತ್ರ ಎಲ್ಲರೂ ಕಣ್ಣಾರೆ ಕಂಡರು. 1931ರ ಹೊತ್ತಿಗೆ ಕಟ್ಟೆ ಮುಗಿಯಿತು. ಅದರ ಹೊಟ್ಟೆಯಲ್ಲಿ ಹಿಡಿಯುವ ನೀರು 49.45 ಟಿ.ಎಂ.ಸಿ., ಅಂದರೆ ಸುಮಾರು 4,945 ಕೋಟಿ ಘನ ಅಡಿ.

ಈಗ ಇಂಗ್ಲೆಂಡಿಗೆ ಹೋಗೋಣ. ಹೋಗಬೇಕಾದುದು ಅಣೆಕಟ್ಟನ್ನು ನೋಡುವುದಕ್ಕಲ್ಲ, ಹಡಗನ್ನು ನೋಡುವುದಕ್ಕೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಬ್ಬಿಣದ ಹಬೆಹಡಗುಗಳು ಬಂದಾಗ ಅವುಗಳನ್ನು ಕಟ್ಟುವವರಿಗೆ ಒಂದು ಸಂಕಟವಿತ್ತು. ಹಡಗಿಗೆ ಎಷ್ಟು ಶಕ್ತಿಯ ಎಂಜಿನ್ ಬೇಕು, ಅಲೆಯ ಮೇಲೆ ಅದು ಎಷ್ಟು ಹೊಯ್ದಾಡೀತು ಎಂಬುದು ಅದನ್ನು ಕಟ್ಟಿ ನೀರಿಗಿಳಿಸುವ ತನಕ ಖಚಿತವಾಗುತ್ತಿರಲಿಲ್ಲ. ಚಿಕ್ಕ ಮಾದರಿಗಳನ್ನು ಎಳೆದು ನೋಡಿದವರುಂಟು. ಆದರೆ ಚಿಕ್ಕದರ ಫಲವನ್ನು ದೊಡ್ಡದಕ್ಕೆ ಹೇಗೆ ಹೊಂದಿಸಬೇಕೆಂದು ತಿಳಿಯದೆ ಕೈಬಿಟ್ಟಿದ್ದರು. ವಿಲಿಯಂ ಫ್ರೌಡ್ ಎಂಬ ಎಂಜಿನಿಯರು ಇದರ ಬೆನ್ನುಹತ್ತಿದರು. 1867ರಲ್ಲಿ ಹಂಸ ಮತ್ತು ಕಾಗೆಯ ಹೆಸರಿಟ್ಟ ಎರಡು ಬಗೆಯ ಮಾದರಿ ದೋಣಿಗಳನ್ನು ಡಾರ್ಟ್ ಎಂಬ ಹೊಳೆಯಲ್ಲಿ ಎಳೆದು ನೋಡಿದರು. ಮುಂದೆ ನೌಕಾ ಇಲಾಖೆಯ ಹಣದಿಂದ ಟಾರ್ಕೀ ಪಟ್ಟಣದ ತಮ್ಮ ಮನೆಯ ಬಳಿಯಲ್ಲೇ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಮೇಣದಲ್ಲಿ ಹಡಗಿನ ಮಾದರಿಗಳನ್ನು ಕೆತ್ತಿ, ಹಳಿಯ ಮೇಲೆ ಓಡುವ ಬಂಡಿಯಿಂದ ಎಳೆಸಿದರು. ಗ್ರೇಹೌಂಡ್ ಎಂಬ ನಿಜವಾದ ಯುದ್ಧನೌಕೆಯನ್ನು ಸಮುದ್ರದಲ್ಲಿ ಮತ್ತೊಂದು ಹಡಗಿನಿಂದ ಎಳೆಸಿ ತಾಳೆನೋಡಿದಾಗ ಮೇಣದ ದೋಣಿ ಹೇಳಿದುದು ಸುಳ್ಳಾಗಲಿಲ್ಲ.

ಫ್ರೌಡ್ ಕಂಡ ಗುಟ್ಟು ಇಷ್ಟೆ. ಹಡಗು ಚಲಿಸುವಾಗ ಏಳುವ ಅಲೆಯನ್ನು ಆಳುವುದು ಭೂಮಿಯ ಆಕರ್ಷಣೆ. ಮಾದರಿಯನ್ನು ಎಷ್ಟು ಕಿರಿದು ಮಾಡುತ್ತೇವೋ ವೇಗವನ್ನು ಅಷ್ಟೇ ಕಿರಿದು ಮಾಡಿದರೆ ತಪ್ಪು. ಅದರ ವರ್ಗಮೂಲದಷ್ಟು ಮಾತ್ರ ಇಳಿಸಬೇಕು. ಹಡಗಿನ ಇಪ್ಪತ್ತೈದನೆಯ ಒಂದು ಪಾಲು ಅಳತೆಯ ಮಾದರಿಯನ್ನು ನಿಜವಾದ ವೇಗದ ಐದನೆಯ ಒಂದು ಪಾಲಿನಲ್ಲಿ ಎಳೆದರೆ, ಅದರ ಮುಂದೆ ಏಳುವ ಅಲೆ ನಿಜವಾದ ಅಲೆಯ ತದ್ರೂಪವಾಗಿರುತ್ತದೆ. ಚರ್ಮಕ್ಕೆ ನೀರು ಉಜ್ಜುವ ತಡೆಯನ್ನು ಬೇರೆ ಲೆಕ್ಕಹಾಕಿ ಕೂಡಿಸಿಕೊಳ್ಳಬೇಕು, ಅಷ್ಟೆ.

ಹಡಗಿಗೂ ಕನ್ನಂಬಾಡಿಗೂ ಏನು ಸಂಬಂಧವೆಂದು ಕೇಳುವಿರಿ. ಕಟ್ಟೆಯ ಮೇಲಿನಿಂದ ಬೀಳುವ ನೀರನ್ನು ಆಳುವುದೂ ಅದೇ ಆಕರ್ಷಣೆ. ಹಡಗಿನಲ್ಲಿ ನೀರು ನಿಂತಿದೆ, ಮರ ಚಲಿಸುತ್ತದೆ. ಕಟ್ಟೆಯಲ್ಲಿ ಕಲ್ಲು ನಿಂತಿದೆ, ನೀರು ಚಲಿಸುತ್ತದೆ. ಲೆಕ್ಕ ಒಂದೇ. ಆದ್ದರಿಂದ ಹಡಗಿಗಾಗಿ ಹುಟ್ಟಿದ ಸೂತ್ರವೇ ಅಣೆಕಟ್ಟಿನ ಮಾದರಿಗೂ ಕೈಮರವಾಯಿತು. ಅಂಕಿಗಳನ್ನು ಒಮ್ಮೆ ನೋಡಿ, ಸ್ವಾರಸ್ಯವಾಗಿವೆ. ಕಟ್ಟೆಯ ಮಾದರಿಯನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ನೀರಿನ ವೇಗ ಹತ್ತರಲ್ಲಿ ಒಂದು ಪಾಲು. ಅಗಲ ನೂರನೆಯ ಪಾಲು, ಆಳ ನೂರನೆಯ ಪಾಲು, ವೇಗ ಹತ್ತನೆಯ ಪಾಲು. ಮೂರನ್ನೂ ಗುಣಿಸಿದರೆ ಹರಿವು ಲಕ್ಷದಲ್ಲಿ ಒಂದು ಪಾಲು. ರೇಡಿಯೋ ಹೇಳುವ ಲಕ್ಷ ಕ್ಯೂಸೆಕ್ ಹೊರಹರಿವು ಆ ಪುಟ್ಟ ಹೊಳೆಯಲ್ಲಿ ಬರಿಯ ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಸುಮಾರು 28 ಲೀಟರು, ಎರಡು ಕೊಡ ನೀರು! ಕಾಲವೂ ಹತ್ತನೆಯ ಪಾಲಾಗುವುದರಿಂದ ಹಗಲಿರುಳು ಹರಿಯುವ ಪ್ರವಾಹ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷದಲ್ಲಿ ಹರಿದು ಮುಗಿಯುತ್ತದೆ. ಎಂಜಿನಿಯರನು ಬೆಳಗಿನ ಕಾಫಿಯಾದ ಮೇಲೆ ಒಂದು ದಿನದ ಮಹಾಪೂರವನ್ನು ಹರಿಸಿ, ಊಟದ ಹೊತ್ತಿಗೆ ಅದು ಮಾಡಿದ ಹಾನಿಯನ್ನು ಅಳೆಯಬಹುದು.

ಭಾರತದಲ್ಲಿ ಈ ವಿದ್ಯೆ ನೆಲೆಯೂರಿದ್ದು ಪುಣೆಯಲ್ಲಿ. ಮುಂಬಯಿ ಸರಕಾರ 1916ರಲ್ಲಿ ನೀರಾವರಿಗಾಗಿ ತೆರೆದ ಒಂದು ವಿಶೇಷ ಶಾಖೆ 1925ರಲ್ಲಿ ಖಡಕವಾಸ್ಲಾ ಸರೋವರದ ಕೆಳಗೆ ಬೀಡುಬಿಟ್ಟಿತು. ಕ್ಲಾಡ್ ಇಂಗ್ಲಿಸ್ ಅವರ ಕೈಯಲ್ಲಿ ಬೆಳೆದು ಮುಂದೆ ಅಖಿಲ ಭಾರತದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾಲಯವಾಯಿತು. ಹೊಳೆ, ಕಟ್ಟೆ, ಬಂದರು, ಹಡಗು, ಎಲ್ಲವನ್ನೂ ಅಲ್ಲಿ ಕಿರಿದಾಗಿಸಿ ನೋಡುತ್ತಾರೆ. ನಮ್ಮವರಿಗೆ ಈ ಖಡಕವಾಸ್ಲಾ ಹೊಸ ಹೆಸರಲ್ಲ. ವಿಶ್ವೇಶ್ವರಯ್ಯನವರು ಮುಂಬಯಿ ಸೇವೆಯಲ್ಲಿದ್ದಾಗ, 1903ರಲ್ಲಿ, ತಾವು ಕಲ್ಪಿಸಿದ ತನ್ನಷ್ಟಕ್ಕೆ ತಾನೇ ತೆರೆಯುವ ಗೇಟುಗಳನ್ನು ಮೊದಲು ನಿಲ್ಲಿಸಿದ್ದು ಇದೇ ಸರೋವರದ ಕೋಡಿಯ ಮೇಲೆ. ಅದೇ ಬಗೆಯ ಗೇಟುಗಳು ಮುಂದೆ ಕನ್ನಂಬಾಡಿಗೂ ಬಂದವು. ಒಂದೇ ನೀರಿನಿಂದ ಗೇಟೂ ಬಂತು, ಪ್ರಯೋಗಶಾಲೆಯೂ ಬಂತು ಎಂದರೆ ತಪ್ಪಾಗದು.

ಮೈಸೂರು ಸಂಸ್ಥಾನ ತನ್ನದೇ ಸಂಶೋಧನಾಲಯವನ್ನು 1944ರಲ್ಲಿ ಕೃಷ್ಣರಾಜಸಾಗರದಲ್ಲಿ ತೆರೆಯಿತು. ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಕಾಲ. ಕಬ್ಬಿಣ, ಸಿಮೆಂಟು ಎರಡಕ್ಕೂ ಬರ. ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದಮೇಲೆ ಅದು ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾಲಯವಾಯಿತು. ಅಣೆಕಟ್ಟಿನ ಮಗ್ಗುಲಲ್ಲಿ ಇಂಥ ಮನೆ ಕಟ್ಟುವುದರಲ್ಲಿ ಒಂದು ಜಾಣತನವುಂಟು. ಹೊಳೆಯ ಮಾದರಿಗೆ ಗಂಟೆಗಟ್ಟಲೆ ಒಂದೇ ಸಮನಾಗಿ ನೀರು ಬೇಕು. ಎತ್ತರದಲ್ಲಿ ಸಮುದ್ರದಂಥ ಜಲಾಶಯವಿದ್ದು ಕೆಳಗೆ ಕಾಲುವೆ ಹರಿಯುವ ನೆಲದಲ್ಲಿ ಅದಕ್ಕಾಗಿ ದೂರ ಹುಡುಕಬೇಕಾಗಿಲ್ಲ. ಬೃಂದಾವನದ ಕಾರಂಜಿಗಳನ್ನು ನೋಡಲು ಬಂದು ಕಡಲೆಕಾಯಿ ತಿನ್ನುತ್ತ ತಿರುಗುವ ಸಾವಿರಾರು ಜನರಲ್ಲಿ, ಅದೇ ಕಾವೇರಿ ಪಕ್ಕದ ಬಯಲಿನಲ್ಲಿ ನಾಡಿನ ಬೇರೆ ಹೊಳೆಗಳ ವೇಷ ಹಾಕಿ ಹರಿಯುತ್ತದೆಂದು ಎಷ್ಟು ಜನ ಬಲ್ಲರೋ!

ಈ ಕಿರುಹೊಳೆಗಳಲ್ಲಿ ನೋಡುವುದೇನನ್ನು? ಮಾವನವರು ಕೇಳಿದ ಪ್ರಶ್ನೆಯನ್ನೇ. ನೂರು ಅಡಿ ಮೇಲಿನಿಂದ ಜಾರಿದ ನೀರು ಬುಡಕ್ಕೆ ಬರುವಾಗ ಸೆಕೆಂಡಿಗೆ ಸುಮಾರು 80 ಅಡಿ ವೇಗ ಪಡೆದಿರುತ್ತದೆ; ಗಂಟೆಗೆ 55 ಮೈಲಿ ಎಂದರೆ ಮೋಟಾರು ಓಡಿಸುವವರಿಗೆ ಚೆನ್ನಾಗಿ ಅರ್ಥವಾದೀತು. ಆ ವೇಗದ ನೀರನ್ನು ಹಾಗೆಯೇ ಬಿಟ್ಟರೆ ಅದು ಹೊಳೆಯ ತಳವನ್ನು ಅಗೆದು, ಬಂಡೆಯ ಸಂದಿಗಳಿಗೆ ನುಗ್ಗಿ ಚಪ್ಪಡಿಗಳನ್ನೆಬ್ಬಿಸಿ, ಕಡೆಗೆ ತಾನು ಇಳಿದುಬಂದ ಗೋಡೆಯ ಕಾಲನ್ನೇ ಕೆರೆಯುತ್ತದೆ. ಅದಕ್ಕೇ ಕಟ್ಟೆಯ ಕೆಳಗೆ ಒಂದು ತೊಟ್ಟಿ ಮಾಡಿ, ಹಲ್ಲಿನಂಥ ಕಟ್ಟೆಗಳನ್ನು ನಿಲ್ಲಿಸಿ, ಓಡಿಬಂದ ನೀರು ಅಲ್ಲಿಯೇ ಮೇಲಕ್ಕೆ ನೆಗೆದು ನೊರೆಯಾಗಿ ತನ್ನ ಸೊಕ್ಕನ್ನು ಕಳೆದುಕೊಳ್ಳುವಂತೆ ಮಾಡುತ್ತಾರೆ. ಆ ನೆಗೆತ ತೊಟ್ಟಿಯೊಳಗೇ ಆಗಬೇಕು, ಆಚೆಗೆ ಹೋಗಕೂಡದು. ಅದು ಎಲ್ಲಿ ಆಗುತ್ತದೆಂಬುದನ್ನು ಕಾಗದದ ಮೇಲೆ ಗುಣಿಸಬಹುದಾದರೂ, ಹೊಳೆ ವಕ್ರವಾಗಿದ್ದು ಗೇಟುಗಳು ಕೆಲವು ತೆರೆದು ಕೆಲವು ಮುಚ್ಚಿರುವಾಗ ಕಾಗದ ಸೋಲುತ್ತದೆ. ಮಾದರಿಯಲ್ಲಿ ಕಟ್ಟೆಯ ಮುಂದೆ ಮರಳು ಹಾಸಿ ನೀರು ಬಿಟ್ಟು, ನಿಲ್ಲಿಸಿ, ಬಿದ್ದ ಗುಂಡಿಯನ್ನು ಅಳೆಯುತ್ತಾರೆ. ಹಲ್ಲನ್ನು ಒಂದು ಅಂಗುಲ ಹಿಂದಕ್ಕೆ ಸರಿಸಿ ಮತ್ತೆ ಬಿಡುತ್ತಾರೆ. ನಿಜವಾದ ಕಟ್ಟೆಯಲ್ಲಿ ಲಕ್ಷಾಂತರ ರೂಪಾಯಿನ ಕಾಂಕ್ರೀಟನ್ನು ಒಡೆದು ಸರಿಸಬೇಕಾದುದು ಇಲ್ಲಿ ಗಾರೆಕೆಲಸದವನ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತದೆ.

ಮೈಸೂರಿನ ಎಂಜಿನಿಯರರು ಹೆಮ್ಮೆಪಡಬಹುದಾದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಅದು ಸೈಫನ್ನಿನ ಕಥೆ. ಡಬ್ಬದಿಂದ ಸೀಮೆಎಣ್ಣೆ ತೆಗೆಯಲು ರಬ್ಬರು ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಹೀರಿ, ನಾಲಿಗೆ ಕೆಡಿಸಿಕೊಂಡವರಿಗೆ ಸೈಫನ್ ಏನೆಂದು ಹೇಳಬೇಕಾಗಿಲ್ಲ. ಒಮ್ಮೆ ಕೊಳವೆ ತುಂಬಿ ಹರಿಯತೊಡಗಿದರೆ ಡಬ್ಬದ ಅಂಚನ್ನು ಏರಿ ಇಳಿಯುತ್ತಲೇ ಇರುತ್ತದೆ. ಕೆರೆಯ ಕೋಡಿಯ ಬದಲು ಇಂಥ ದೊಡ್ಡ ಸೈಫನ್ನುಗಳನ್ನಿಟ್ಟರೆ ನೂರಾರು ಅಡಿ ಉದ್ದದ ಕೋಡಿ ಬಿಡುವ ನೀರನ್ನು ಕಿರಿದಾದ ಜಾಗದಲ್ಲಿ ಹೊರಗೆ ಹಾಕಬಹುದು. ನಡುರಾತ್ರಿ ಪ್ರವಾಹ ಬಂದರೆ ಗೇಟೆತ್ತುವವನು ಎಚ್ಚರವಾಗಿದ್ದಾನೆಯೇ, ದಾರಿಯ ಹಳ್ಳ ತುಂಬಿ ಆಚೆ ದಡದಲ್ಲೇ ಉಳಿದನೇ ಎಂಬ ಚಿಂತೆಯಿಲ್ಲ. ನಾಗಮಂಗಲದ ಸರಹದ್ದಿಗೆ ಸಮೀಪ, ಕುಣಿಗಲ್ ತಾಲ್ಲೂಕಿನಲ್ಲಿ, ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿಯ ಜಲಾಶಯದಲ್ಲಿ ತಾನಾಗಿಯೇ ಹರಿಯುವ ಇಂಥ ಸೈಫನ್ನುಗಳನ್ನು ನೋಡಬಹುದು. ಆದರೆ ಅಣೆಕಟ್ಟಿನ ಸೈಫನ್ನನ್ನು ಬಾಯಿಟ್ಟು ಹೀರುವವರು ಯಾರು?

ಮೈಸೂರು ಲೋಕೋಪಯೋಗಿ ಇಲಾಖೆಯ ವಿ. ಗಣೇಶ ಅಯ್ಯರ್ ಇದಕ್ಕೆ ಒಂದು ಸೊಗಸಾದ ಉಪಾಯ ಕಂಡುಹಿಡಿದರು. ನೆಟ್ಟಗೆ ನಿಂತ ದೊಡ್ಡ ಕೊಳವೆ. ಅದರ ತಲೆಯಲ್ಲಿ ಆಲಿಕೆಯಂಥ ಬಾಯಿ. ಆಲಿಕೆಯ ಒಳಮೈಯಲ್ಲಿ ಶಂಖದ ಸುರುಳಿಯಂತೆ ತಿರುಚಿದ ಏಣುಗಳು. ಇಡಿಯ ಬಾಯಿಯ ಮೇಲೆ ಕವುಚಿಹಾಕಿದ ಗುಮ್ಮಟ. ಜಲಾಶಯದ ನೀರು ಮಟ್ಟ ಮೀರಿ ಗುಮ್ಮಟದ ಕೆಳಗಿನಿಂದ ನುಸುಳಿ ಆಲಿಕೆಯ ಅಂಚನ್ನು ದಾಟಿದೊಡನೆ ಆ ಏಣುಗಳು ಅದನ್ನು ಸುತ್ತಿಸುತ್ತವೆ. ಬಚ್ಚಲ ತೂಬಿನಲ್ಲಿ ಏಳುವ ಸುಳಿಯನ್ನೇ ನೆನೆಯಿರಿ. ಸುಳಿ ತನ್ನೊಡನೆ ಗಾಳಿಯನ್ನು ಎಳೆದುಕೊಂಡು ಕೆಳಗಿಳಿಯುತ್ತದೆ. ಗುಮ್ಮಟದೊಳಗಿನ ಗಾಳಿ ಬರಿದಾಗುತ್ತದೆ. ಕೊಳವೆ ತುಂಬಿ, ಇಡೀ ಕಟ್ಟೆಯ ಎತ್ತರದ ಸೆಳೆತದಿಂದ ನೀರು ಭೋರ್ಗರೆಯುತ್ತದೆ. ಜಲಾಶಯದ ಮಟ್ಟ ಮತ್ತೆ ಇಳಿದಾಗ ಒಂದು ಚಿಕ್ಕ ಕೊಳವೆಯ ಬಾಯಿ ನೀರಿನಿಂದ ಹೊರಬಂದು ಒಳಗೆ ಗಾಳಿ ಬಿಡುತ್ತದೆ, ಸೈಫನ್ ನಿಲ್ಲುತ್ತದೆ. ಗೇಟಿಲ್ಲ, ಸರಪಳಿಯಿಲ್ಲ, ಎಣ್ಣೆ ಹಾಕುವ ಗಾಲಿಯಿಲ್ಲ. ಶರಾವತಿಗೆ ಅಡ್ಡಲಾಗಿ ಕಟ್ಟಿ, ಜೋಗದ ವಿದ್ಯುದಾಗಾರಕ್ಕೆ ನೀರುಣಿಸಿದ ಹಿರೇಭಾಸ್ಕರದ ಕಟ್ಟೆಯಲ್ಲಿ ಇಂಥ 11 ಸೈಫನ್ನುಗಳನ್ನು ನಿಲ್ಲಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎನ್. ಎಸ್. ಗೋವಿಂದರಾವ್ ಅವರು ಈ ಸುರುಳಿ ಸೈಫನ್ನಿನ ಲೆಕ್ಕಾಚಾರವನ್ನು ಶಾಸ್ತ್ರೀಯವಾಗಿ ಬಿಡಿಸಿ ಬರೆದರು. 1964ರಲ್ಲಿ ಲಿಂಗನಮಕ್ಕಿಯ ಜಲಾಶಯ ಏರಿದಾಗ ಹಿರೇಭಾಸ್ಕರದ ಕಟ್ಟೆಯೇ ಅದರ ಹೊಟ್ಟೆ ಸೇರಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ನೀರು ತೀರ ಇಳಿದಾಗ ಆ ಗುಂಡು ಗುಂಡಾದ ತಲೆಗಳು ಈಗಲೂ ಕೆಸರಿನಿಂದ ಎದ್ದು ನಿಲ್ಲುತ್ತವೆ. ನೋಡಲು ಜನ ಹೋಗುತ್ತಾರೆ.

ಸೈಫನ್ನಿನಲ್ಲಿಯೇ ಮಾದರಿಯ ಬಡತನವೂ ಬಯಲಾಗುತ್ತದೆ. ಕಟ್ಟೆಯನ್ನು ಕಿರಿದುಮಾಡಬಹುದು, ಹೊಳೆಯನ್ನು ಕಿರಿದುಮಾಡಬಹುದು, ನಮ್ಮ ತಲೆಯ ಮೇಲಿನ ವಾಯುಮಂಡಲವನ್ನು ಕಿರಿದುಮಾಡಲು ಬರುವುದಿಲ್ಲ. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 34 ಅಡಿ ನೀರನ್ನು ಮಾತ್ರ ಎತ್ತಬಲ್ಲದು. ನಮ್ಮ ಮಲೆನಾಡಿನ ಎತ್ತರದಲ್ಲಿ ಇನ್ನೂ ಕಡಿಮೆ. ನಿಜವಾದ ಸೈಫನ್ನಿನ ಕುತ್ತಿಗೆಯಲ್ಲಿ ಎಳೆತ ಅದಕ್ಕೆ ಸಮೀಪಿಸಿದರೆ ನೀರೇ ಆವಿಯಾಗಿ ಒಡೆದು, ಗುಳ್ಳೆಗಳು ಸಿಡಿದು, ಕಾಂಕ್ರೀಟನ್ನು ಕೊರೆಯುತ್ತದೆ. ಹತ್ತರಲ್ಲಿ ಒಂದು ಪಾಲಿನ ಮಾದರಿಯಲ್ಲಿ 30 ಅಡಿಯ ಎಳೆತ 3 ಅಡಿ ಆಗಿಬಿಡುತ್ತದೆ. ಅಲ್ಲಿ ಎಲ್ಲವೂ ಸೌಮ್ಯ. ಮಾದರಿ ಸುಳ್ಳು ಹೇಳುವುದಿಲ್ಲ, ಆದರೆ ಕೇಳದ ಪ್ರಶ್ನೆಗೆ ಬಾಯಿಬಿಡುವುದೂ ಇಲ್ಲ. ಹೊಳೆಯ ಮರಳಿನದೂ ಇದೇ ತೊಂದರೆ. ಮರಳನ್ನು ನೂರನೆಯ ಪಾಲಿಗೆ ಇಳಿಸಿದರೆ ಅದು ಮರಳಾಗಿ ಉಳಿಯದು, ಅಂಟುವ ಹಿಟ್ಟಾಗುತ್ತದೆ. ಆದ್ದರಿಂದ ಬಿದ್ದ ಗುಂಡಿಯ ಆಳವನ್ನು ಹಾಗೆಯೇ ನೂರರಿಂದ ಗುಣಿಸುವವನು ಮೋಸಹೋಗುತ್ತಾನೆ. ಎಷ್ಟನ್ನು ನಂಬಬೇಕು, ಎಲ್ಲಿ ನಂಬಬಾರದು ಎಂಬ ವಿವೇಕವೇ ಈ ಶಾಸ್ತ್ರದ ಮುಕ್ಕಾಲು ಪಾಲು.

ವಿವೇಕ ತಪ್ಪಿದರೆ ಏನಾಗುತ್ತದೆಂದು ಖಡಕವಾಸ್ಲಾ ನೆರೆಯಲ್ಲೇ ನೋಡಬೇಕಾಯಿತು. ಆ ಸರೋವರದ ಮೇಲುಗಡೆ ಪಾನಶೇತ್ ಎಂಬಲ್ಲಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ ಪೂರ್ತಿಯಾಗುವ ಮೊದಲೇ ಮಳೆಯ ನೀರು ತುಂಬಿತು, ಇನ್ನೂ ಮುಗಿಯದ ತೂಬಿನೊಳಗೆ ನೀರು ನುಗ್ಗಿತು, ಏರಿ ಕುಸಿಯಿತು. 1961ರ ಜುಲೈ 12ರಂದು ಏರಿ ಒಡೆದು, ಕೆಳಗಿನ ಖಡಕವಾಸ್ಲಾ ಗೋಡೆಯನ್ನೂ ಅದೇ ದಿನ ಮುರಿದು, ಪ್ರವಾಹ ಪುಣೆಯ ಮನೆಗಳನ್ನು ಹೊಕ್ಕಿತು. ದೇಶದ ಬಹು ದೊಡ್ಡ ಜಲಸಂಶೋಧನಾಲಯ ಅಲ್ಲಿಂದ ಕೂಗಳತೆಯಲ್ಲಿತ್ತು. ಮಳೆಗಾಲದ ಮುಂದೆ ಅವಸರ ಮಾಡುವ ಕಂಟ್ರಾಕ್ಟಿನ ಪಂಚಾಂಗಕ್ಕೆ ಯಾವ ಮಾದರಿಯೂ ಮದ್ದಲ್ಲ.

ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರು ಬಂದಿದೆ; ಹಿಂದೆ ಗಾರೆಯಲ್ಲಿ ಕಟ್ಟುತ್ತಿದ್ದ ಹೊಳೆಯನ್ನು ಅಂಕಿಗಳಲ್ಲಿ ಕಟ್ಟುತ್ತಾರೆ. ಆದರೂ ನೊರೆ, ಸುಳಿ, ಮರಳು ಬಂದ ಕಡೆ ನೀರನ್ನೇ ಹರಿಸಿ ನೋಡುವುದು ತಪ್ಪಿಲ್ಲ. ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ಉದ್ದನೆಯ ತೊಟ್ಟಿಯೊಳಗೆ ಅಲೆಗಳನ್ನು ಎಬ್ಬಿಸಿ, ಕಡಲ ಕೊರೆತ ತಡೆಯುವ ಕಲ್ಲುದಿಬ್ಬಗಳ ಮಾದರಿಗೆ ಬಡಿಸುತ್ತಾರೆ. ಫ್ರೌಡ್ ಅವರ ಸೂತ್ರ ಹೀಗೆ ಕಡಲಿನಿಂದ ಹೊರಟು, ಕನ್ನಂಬಾಡಿಯಂಥ ಒಳನಾಡಿನ ಕಟ್ಟೆಗಳನ್ನು ಸುತ್ತಿ, ನಮ್ಮ ಕರಾವಳಿಯಲ್ಲಿ ಮತ್ತೆ ಕಡಲನ್ನು ಸೇರಿದೆ. ಕೃಷ್ಣರಾಜಸಾಗರದ ಹಳೆಯ ಗೇಟುಗಳನ್ನೂ ತೆಗೆದು ಹೊಸವನ್ನು ಕೂರಿಸಿದ್ದಾರೆ.

ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಳ ಸಿಡಿತದಿಂದ ಕಟ್ಟೆಗೆ ಅಪಾಯವುಂಟೆ ಎಂಬ ವಿವಾದ ಎದ್ದಾಗ, ಪ್ರಯೋಗಾರ್ಥವಾಗಿ ಸಿಡಿಮದ್ದು ಹಾರಿಸಿ ಅದುರುವಿಕೆಯನ್ನು ಅಳೆಯೋಣವೆಂಬ ಸಲಹೆ ಬಂತು. ರೈತರು ಬೀದಿಗಿಳಿದು ವಿರೋಧಿಸಿದರು. ಅವರ ವಿರೋಧವನ್ನು ಅಜ್ಞಾನವೆಂದು ನಕ್ಕವರುಂಟು. ನನಗೆ ಹಾಗೆ ತೋರಲಿಲ್ಲ. ಎಂಬತ್ತು ವರ್ಷಗಳಿಂದ ಇದೇ ಊರಿನ ಸಂಶೋಧನಾಲಯ ಮಾಡುತ್ತ ಬಂದುದು, ಅಸಲನ್ನು ಮುಟ್ಟದೆ ನಕಲಿನ ಮೇಲೆ ಪ್ರಯೋಗ ಮಾಡುವ ಕೆಲಸವನ್ನು. ಅಸಲಿನ ಪಕ್ಕದಲ್ಲೇ ಪ್ರಯೋಗವೆಂದರೆ ಅದನ್ನು ನೆಚ್ಚಿದವರು ಹೆದರುವುದು ಸಹಜ. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಿತು.

ಮಾವನವರ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದೆಂದು ಒಮ್ಮೆ ಅವರನ್ನು ಇಂಥ ಒಂದು ಮಾದರಿಯನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಬೇರೆ ಯಾವುದೋ ಹೊಳೆಯ ಕಟ್ಟೆಯದು. ಮೊಣಕಾಲೆತ್ತರದ ಗೋಡೆ, ಅಂಗೈಯಗಲದ ಗೇಟುಗಳು. ನೀರು ಬಿಟ್ಟರು, ನೊರೆ ಎದ್ದಿತು, ಮರಳು ಸರಿಯಿತು. ಮಾವನವರು ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲಿದ್ದ ಎಂಜಿನಿಯರನ್ನು, "ಸ್ವಾಮಿ, ಕೆಳಗಡೆಯವರ ತೋಟ ಎಲ್ಲಿ ಬರುತ್ತೆ ಇದರಲ್ಲಿ?" ಎಂದರು. ಆತ ಒಳ್ಳೆಯ ಮನುಷ್ಯ, ಸ್ವಲ್ಪ ಯೋಚಿಸಿ, ಮಾದರಿಯ ಕೊನೆಯ ಇಟ್ಟಿಗೆಗೋಡೆಯನ್ನು ತೋರಿಸಿ, "ಆ ಗೋಡೆಯ ಆಚೆಗೆ ಬರುತ್ತೆ, ಯಜಮಾನರೆ" ಎಂದರು. ಮಾವನವರು ಎದ್ದುಹೋಗಿ ಗೋಡೆಯ ಆಚೆ ನಿಂತು, ಹೊರಬಂದ ನೀರು ಮೋರಿಯಲ್ಲಿ ಇಳಿದು ಹೋಗುವುದನ್ನು ನೋಡುತ್ತಿದ್ದರು. ಅಂದು ಸಂಜೆ ನಾವು ಮನೆ ಮುಟ್ಟುವ ಹೊತ್ತಿಗೆ ಸಮಾಚಾರ ಆರಂಭವಾಗಿತ್ತು. ಅವರು ಚಪ್ಪಲಿ ಬಿಡುವ ಮೊದಲೇ ಹೊರಹರಿವು ಎಷ್ಟೆಂದು ಕೇಳಿದರು.